ಮೇಲಿನ ಹೆಸರು ಬದಲಾದಾಗ

ಬೆಳಗಿನಿಂದ ಜರೀನಾಗೆ ತನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ಎರಡು ಸಲ ತಿರುಗಿ ನೋಡಿದಳು. ಗೋಡೆ ಇತ್ತು, ಗೋಡೆಗೆ ಒರಗಿಸಿದ ಮುರುಕು ಕುರ್ಚಿಗಳಿದ್ದವು, ಅವುಗಳ ಮೇಲೆ ಯಾರೂ ಓದದ ಕಡತಗಳಿದ್ದವು. ಮೂರನೆಯ ಸಲ, ಹನ್ನೊಂದರ ಸುಮಾರಿಗೆ, ತಿರುಗಿದಾಗ ನಿಜವಾಗಿಯೂ ಒಬ್ಬ ಹೆಂಗಸು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದಳು. ವಸತಿ ಶಾಲೆಗಳ ಅರ್ಜಿ ಪಡೆಯುವ ಕೊಪ್ಪಳದ ಆ ಕಚೇರಿಯ ಮಹಡಿ ಕೋಣೆಗೆ ಚಪ್ಪಲಿ ಬಿಟ್ಟು ಬರುವವರನ್ನು ಜರೀನಾ ಈ ನಾಲ್ಕು ವರ್ಷಗಳಲ್ಲಿ ಕಂಡಿರಲಿಲ್ಲ. ತಾನೇ ಎಲ್ಲೋ ಚಪ್ಪಲಿ ಹಾಕಿಕೊಂಡು ಕೂರಬಾರದ ಜಾಗದಲ್ಲಿ ಕೂತಿದ್ದೇನೆ ಅನ್ನಿಸಿ, ಕಾಲನ್ನು ಮೇಜಿನ ಅಡಿಗೆ ಎಳೆದುಕೊಂಡಳು. ಹೆಂಗಸಿನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವಿತ್ತು, ಚೀಲದೊಳಗೆ ನೀಟಾಗಿ ಮಡಿಸಿದ ಕಾಗದಗಳು.

“ಫಾರಂ ಮಾಡಿದವ್ರು ನೀವ ಅಂತಲ್ರಿ ಯವ್ವಾ?”

“ಕೆಳಗ ಕೌಂಟರ್ ಐತಿ, ಅಲ್ಲಿ ಕೇಳ್ರಿ.”

“ಕೆಳಗಿನವ್ರು ಮ್ಯಾಲ ಹೋಗು ಅಂದ್ರು. ಇನ್ನ ಮ್ಯಾಲ ಹೋಗಾಕ ಮೆಟ್ಟಲ ಇಲ್ಲಲ್ಲ.”

ಅದನ್ನು ಅವಳು ವ್ಯಂಗ್ಯಕ್ಕೆ ಹೇಳಿರಲಿಲ್ಲ. ಹೆಸರು ಪಾರಮ್ಮ, ತಾವರಗೇರಾದ ಕಡೆಯವಳು. ಮಗಳು ರೇಣುಕಾ ವಸತಿ ಶಾಲೆಯ ಆರನೆಯ ತರಗತಿಗೆ ಪರೀಕ್ಷೆ ಬರೆದು ನೂರಕ್ಕೆ ಎಂಬತ್ತೊಂದು ತೆಗೆದಿದ್ದಳು. ಅರವತ್ತು ತೆಗೆದ ಹುಡುಗಿಯರ ಹೆಸರು ಪಟ್ಟಿಯಲ್ಲಿದ್ದವು, ಇವಳದು ಇರಲಿಲ್ಲ. ಪಾರಮ್ಮ ಕಾಗದವನ್ನು ಬಿಡಿಸಿ ಕೀಲಿಮಣೆಯ ಮೇಲೆ ಇಟ್ಟಳು. ತಾವರಗೇರಾದಲ್ಲಿ ಅರ್ಜಿ ತುಂಬಿಕೊಡುವ ಹನಮೇಶ ಬಣ್ಣದಲ್ಲಿ ತೆಗೆದುಕೊಟ್ಟ ಪ್ರತಿ ಅದು. ಕಾಲಂಗಳ ಮುಂದೆಲ್ಲ ಹಸಿರು ಟಿಕ್ಕುಗಳು. “ನಂಗ ಓದಾಕ ಬರಂಗಿಲ್ಲ, ಹಸರು ಅಂದ್ರ ಗೊತ್ತಾಗತೈತಿ. ಇದರಾಗ ಕೆಂಪಂದು ಒಂದರ ಐತೇನ್ ನೋಡ್ರಿ,” ಅಂದಳು. ಇರಲಿಲ್ಲ. ಎರಡನೆಯ ಕಾಗದ, ಪತ್ರಗಳನ್ನು ಕೈಯಾರೆ ಪರಿಶೀಲಿಸುವ ಮೇಲಿನ ಕಚೇರಿಯಿಂದ ಬಂದ ತಿರಸ್ಕಾರದ್ದು: ಆದಾಯ ಪ್ರಮಾಣಪತ್ರವು ಪೋಷಕರ ಹೆಸರಿಗೆ ಹೊಂದಾಣಿಕೆಯಾಗುವುದಿಲ್ಲ. ಜರೀನಾ ಅರ್ಜಿಯ ಮೇಲಿನ ಸಾಲು ನೋಡಿದಳು. ಪೋಷಕರು: ಪಾರಮ್ಮ, ತಾಯಿ. ಕೆಳಗಿನ ಸಾಲಿನ ಆದಾಯ ಪತ್ರದ ಸಂಖ್ಯೆಯ ಪಕ್ಕದಲ್ಲಿ ಪತ್ರ ಯಾರ ಹೆಸರಿನಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿತ್ತು: ದುರಗಪ್ಪ.

“ದುರಗಪ್ಪ ಅಂದ್ರ?”

“ರೇಣುಕಾನ ಅಪ್ಪ. ಫಾರಂ ತುಂಬುಮುಂದ ಇದ್ದ. ಏಪ್ರಿಲ್‌ದಾಗ ಕುಷ್ಟಗಿ ಹೈವೇದಾಗ ಮೈಮ್ಯಾಲ ಲಾರಿ ಹಾದು ಹೋತು. ಆಮ್ಯಾಲ ಹನಮೇಶನ ಕರದು, ಪಾರಕ್ಕ, ನಿನ್ನ ಹೆಸರಿಗೆ ಮಾಡಬೇಕು ಅಂತ ಮಾಡಿದ. ಎಲ್ಲಾ ಹಸರ ಬಂತು ಅಂದ.”

ನೋಡ್ತೀನಿ, ಊಟದ ಹೊತ್ತಿನ ಮೇಲೆ ಬರ್ರಿ ಎಂದು ಜರೀನಾ ಹೇಳಿದಳು. ಅವಳು ಹೋದ ಮೇಲೂ ಬೆನ್ನ ಹಿಂದೆ ಯಾರೋ ಇದ್ದಂತೆಯೇ ಅನ್ನಿಸಿತು. ಏನಾಗಿದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು, ಆದರೆ ಗೊತ್ತಾದದ್ದನ್ನು ನೋಡಬೇಕಾದರೆ ಕೈ ಅಲ್ಲಾಡಿಸಬೇಕಿತ್ತು, ಕೈ ಅಲ್ಲಾಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದಳು. ಕಿಟಕಿಯಿಂದ ಕೆಳಗೆ ನೋಡಿದರೆ ಬೇವಿನ ಗಿಡದ ನೆರಳಲ್ಲಿ ಪಾರಮ್ಮ ಕೂತಿದ್ದಳು, ಪಕ್ಕದಲ್ಲಿ ಒಂದು ಹುಡುಗಿ. ಹುಡುಗಿ ಗೋಡೆಯ ಮೇಲಿನ ಸೂಚನಾ ಫಲಕಗಳನ್ನು ಒಂದೊಂದಾಗಿ ಓದುತ್ತಿದ್ದಳು, ತುಟಿ ಅಲ್ಲಾಡುವುದು ಮೇಲಿನವರೆಗೆ ಕಾಣುತ್ತಿತ್ತು.

ಕಂಪ್ಯೂಟರಿನಲ್ಲಿ ತುಂಬುವ ಆ ಫಾರಂ ಜರೀನಾ ಮಾಡಿದ್ದು. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗಿನ ಫಾರಂ. ಎಲ್ಲಕ್ಕೂ ಹೊರಗೆ ಮನೆ: ಪೋಷಕರು ಯಾರು, ಯಾವ ಊರು. ಮನೆಯ ಒಳಗೆ ಮಕ್ಕಳು. ಒಂದೊಂದು ಮಗುವಿನ ಒಳಗೆ ಅದರ ಜನನದ, ಜಾತಿಯ, ಆದಾಯದ ಪತ್ರಗಳು. ತುಂಬಿದ ಕೂಡಲೇ ಪ್ರತಿ ಕಾಲಂ ತನ್ನನ್ನು ತಾನು ಪರೀಕ್ಷಿಸಿಕೊಂಡು ಹಸಿರೋ ಕೆಂಪೋ ಹೇಳುತ್ತದೆ. ಆದರೆ ಕೆಳಗಿನ ಕಾಲಂ ಸರಿಯೋ ತಪ್ಪೋ ಎಂಬುದು ಅದರೊಳಗಿನ ಅಕ್ಷರಗಳಿಂದಷ್ಟೇ ತೀರ್ಮಾನವಾಗುವುದಿಲ್ಲ. ಮೇಲೆ ತಂದೆಯ ಹೆಸರಿದ್ದರೆ ಕೆಳಗೆ ತಂದೆಯ ಆದಾಯದ ಪತ್ರ ಸರಿ. ಮೇಲೆ ತಾಯಿಯ ಹೆಸರು ಬಂದ ಗಳಿಗೆಯೇ ಅದೇ ಪತ್ರ, ಒಂದಕ್ಷರವೂ ಬದಲಾಗದೆ, ತಪ್ಪು. ಹಾಗಾಗಿ ಮೇಲೆ ಏನಾದರೂ ಬದಲಾದರೆ ಕೆಳಗಿನದನ್ನೆಲ್ಲ, ಒಳಗಿನದರ ಒಳಗಿನದನ್ನೂ, ತಳ ಮುಟ್ಟುವತನಕ ಮತ್ತೊಮ್ಮೆ ಪರೀಕ್ಷಿಸಬೇಕು. ಇದು ಜರೀನಾಗೆ ಗೊತ್ತಿತ್ತು. ಗೊತ್ತಿದ್ದು ಮೊದಲು ಹಾಗೆಯೇ ಬರೆದಿದ್ದಳು. ಆದರೆ ಮಾರ್ಚ್‌ನಲ್ಲಿ ಫಾರಂ ಶುರುವಾದ ಮೂರನೆಯ ದಿನಕ್ಕೇ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲ ಕಡೆಯಿಂದ ಫೋನು ಬಂದವು. ಮೇಲೆ ಊರಿನ ಹೆಸರೊಂದನ್ನು ತಿದ್ದಿದರೆ ಸಾಕು, ಕೆಳಗೆ ಇನ್ನೂ ತುಂಬದೆ ಖಾಲಿ ಇದ್ದ ಕಾಲಂಗಳೂ ಸೇರಿ ಇಡೀ ಪರದೆ ಭಗ್ಗನೆ ಕೆಂಪಾಗುತ್ತಿತ್ತು. ಸೂಪರಿಂಟೆಂಡೆಂಟ್ ವಿರೂಪಾಕ್ಷಮ್ಮ ಅವಳ ಮೇಜಿನ ಬಳಿ ಬಂದು ನಿಂತಿದ್ದರು. “ಜರೀನಾ, ಮಂದಿ ಅಂಜಾಕತ್ತಾರ. ತುಂಬೂಕಿಂತ ಮೊದ್ಲ ತಪ್ಪು ಅಂದ್ರ ಹೆಂಗ? ಆ ಕೆಂಪು ತಗಿ. ಸಂಜಿಗೆ ಮ್ಯಾಲಿನವರ ಮೀಟಿಂಗ್ ಐತಿ.”

ಅದಕ್ಕೊಂದು ಸರಿಯಾದ ದಾರಿ ಇತ್ತು. ಯಾವ ಕಾಲಂ ಮುಟ್ಟಿಲ್ಲವೋ ಅದನ್ನು ಸುಮ್ಮನೆ ಬಿಟ್ಟು, ಮುಟ್ಟಿದ್ದನ್ನು ಮಾತ್ರ ಮತ್ತೆ ಪರೀಕ್ಷಿಸಿ, ಕೊನೆಗೆ ಕಳಿಸುವಾಗ ಎಲ್ಲವನ್ನೂ ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡುವುದು. ಎರಡು ದಿನದ ಕೆಲಸ. ಅವಳಿಗಿದ್ದದ್ದು ಎರಡು ತಾಸು. ಒಂದೇ ಸಾಲು ಬರೆದು, ಮತ್ತೆ ಪರೀಕ್ಷಿಸುವುದನ್ನೇ ನಿಲ್ಲಿಸಿಬಿಟ್ಟಳು. ಪಕ್ಕದಲ್ಲಿ ತನಗೇ ಒಂದು ಟಿಪ್ಪಣಿ ಬರೆದುಕೊಂಡಳು, ಆಮೇಲೆ ಸರಿಮಾಡಬೇಕು ಎಂದು. ಕೆಂಪು ಹೋಯಿತು. ಒಮ್ಮೆ ಹಸಿರಾದದ್ದು ಮೇಲೆ ಏನೇ ಆದರೂ ಹಸಿರಾಗಿಯೇ ಉಳಿಯಿತು. ವಿರೂಪಾಕ್ಷಮ್ಮ ಖುಷಿಯಾಗಿ ಮಿರ್ಚಿ ಭಜಿ ತರಿಸಿದರು, ಯಾವತ್ತೂ ಅವಳನ್ನು ಚಹಾಕ್ಕೆ ಕರೆಯದ ಕಾಯಂ ನೌಕರರು ಆ ದಿನ ಕುರ್ಚಿ ಸರಿಸಿ ಜಾಗ ಕೊಟ್ಟರು. ಆ ಭಜಿಯ ರುಚಿ ಈಗ ನಾಲಗೆಯ ಮೇಲೆ ಬಂತು. ತಾನು ಅದನ್ನು ಎಷ್ಟು ಪ್ರೀತಿಯಿಂದ ತಿಂದಿದ್ದೆ ಎಂಬುದೇ ಈಗ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

ಕೂತು, ಪರೀಕ್ಷೆಗೆಂದು ಒಂದು ಸುಳ್ಳು ಅರ್ಜಿ ತೆರೆದಳು. ಪೋಷಕರ ಜಾಗದಲ್ಲಿ ತಂದೆಯ ಹೆಸರು. ಕೆಳಗೆ ಮಗು, ಮಗುವಿನ ಕೆಳಗೆ ತಂದೆಯ ಆದಾಯ ಪತ್ರದ ಸಂಖ್ಯೆ. ಹಸಿರು. ಮೇಲೆ ಹೋಗಿ ತಂದೆಯನ್ನು ಅಳಿಸಿ ತಾಯಿಯನ್ನು ಬರೆದಳು. ಕಾರಣ ಕೇಳಿತು, ಮರಣ ಎಂದು ಆರಿಸಿದಳು. ಕೆಳಗೆ ನೋಡಿದಳು. ಹಸಿರು. ಸತ್ತವನ ಸಂಖ್ಯೆ ತಣ್ಣಗೆ, ಸಮಾಧಾನವಾಗಿ, ಹಸಿರಾಗಿ ಕೂತಿತ್ತು. ಕಳಿಸು ಎಂದು ಒತ್ತಿದಳು. ತಮ್ಮ ಅರ್ಜಿಯಲ್ಲಿ ಯಾವುದೇ ದೋಷವಿಲ್ಲ ಎಂದು ಬಂತು, ಆ ವಾಕ್ಯವನ್ನೂ ಅವಳೇ ಬರೆದಿದ್ದಳು.

ಆಮೇಲೆ ಮಾಡಬಾರದಿತ್ತೇನೋ, ಮಾಡಿದಳು. ಬಂದಿದ್ದ ಅಷ್ಟೂ ಅರ್ಜಿಗಳನ್ನು ಮೇಲಿನಿಂದ ತಳದವರೆಗೆ ಮತ್ತೊಮ್ಮೆ ಪರೀಕ್ಷೆಗೆ ಒಡ್ಡಿದಳು. ಆರು ಸಾವಿರದ ಚಿಲ್ಲರೆ. ಯಂತ್ರಕ್ಕೆ ಅದು ನಾಲ್ಕು ನಿಮಿಷದ ಕೆಲಸವೂ ಆಗಲಿಲ್ಲ. ಇಪ್ಪತ್ಮೂರು ಹೆಸರು ಕೆಂಪಾಗಿ ಉಳಿದವು. ಕಾರಣದ ಕಾಲಂ ಓದುತ್ತ ಹೋದಳು: ಮರಣ, ಮರಣ, ಮರಣ, ಮನೆ ಬಿಟ್ಟು ಹೋಗಿದ್ದಾರೆ, ಮರಣ. ಪೋಷಕರು ಬದಲಾಗದ ಮನೆಗಳಿಗೆ ಅವಳ ತಪ್ಪು ತಾಗಿರಲೇ ಇಲ್ಲ. ಅರ್ಜಿ ತುಂಬಲು ಶುರುಮಾಡಿದ ದಿನಕ್ಕೂ ಕಳಿಸಿದ ದಿನಕ್ಕೂ ನಡುವೆ ಯಾರ ಮನೆಯಲ್ಲಿ ತಂದೆ ಇಲ್ಲವಾದನೋ, ಆ ಮಕ್ಕಳನ್ನಷ್ಟೇ ಆ ಒಂದು ಸಾಲು ಹುಡುಕಿ ಹುಡುಕಿ ಹಿಡಿದಿತ್ತು. ಯಾರಾದರೂ ದ್ವೇಷದಿಂದ ಕೂತು ಬರೆದಿದ್ದರೂ ಇಷ್ಟು ಕರಾರುವಾಕ್ಕಾಗಿ ಬರೆಯಲು ಆಗುತ್ತಿರಲಿಲ್ಲ.

ಅವಳ ಅಪ್ಪ ಶಫೀಸಾಬ ಕುಷ್ಟಗಿಯಲ್ಲಿ ಟೇಲರ್ ಆಗಿದ್ದ. ಹನ್ನೆರಡು ವರ್ಷದ ಜರೀನಾ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು ಅಳತೆ ಬರೆದುಕೊಳ್ಳುತ್ತಿದ್ದಳು. ಅಪ್ಪ ಟೇಪು ಹಿಡಿದು ಹೇಳುವುದು, ಇವಳು ಬರೆಯುವುದು. ಒಬ್ಬರ ಮದುವೆಯ ಕೋಟು. ಅಪ್ಪ ಭುಜವನ್ನು ಎರಡನೆಯ ಸಲ ಅಳೆದು ಬೇರೆ ಸಂಖ್ಯೆ ಹೇಳಿದಾಗ ಇವಳು ಭುಜವನ್ನಷ್ಟೇ ತಿದ್ದಿ, ತೋಳಿನದನ್ನು ಹಾಗೇ ಬಿಟ್ಟಿದ್ದಳು. ಕೋಟು ಹಾಕಿಕೊಂಡವರ ಮಣಿಕಟ್ಟು ಹೊರಗೆ ಉಳಿಯಿತು. ಅವರು ಅದನ್ನು ಬಿಚ್ಚಿ ಅಪ್ಪನ ಮುಖದ ಮೇಲೆ ಎಸೆದರು, ಬಜಾರಿನ ನಡುವೆ, ಸಂತೆಯ ದಿನ. ಅಪ್ಪ ಕೋಟನ್ನು ನೆಲಕ್ಕೆ ಬೀಳದಂತೆ ಹಿಡಿದುಕೊಂಡು, ನನ್ನ ಕೈ ತಪ್ಪಿತು ಸಾವಕಾರ ಅಂದ. ಅಳತೆಯ ಪುಸ್ತಕ ಇವಳ ತೊಡೆಯ ಮೇಲೆ ತೆರೆದೇ ಇತ್ತು. ಮನೆಗೆ ಹೋದ ಮೇಲೆ ಹೊಡೆತ ಬೀಳುತ್ತದೆಂದು ಕಾದಳು, ಬೀಳಲಿಲ್ಲ. ಮರುದಿನವೂ ಇಲ್ಲ. ಅಪ್ಪ ಸಾಯುವತನಕ ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಿರೂಪಾಕ್ಷಮ್ಮನವರ ಕೋಣೆಯ ಮುಂದೆ ನಿಂತಿದ್ದಾಗ ಅವಳಿಗೆ ಬೇಕಾಗಿದ್ದದ್ದೂ ಅದೇ, ಯಾರಾದರೂ ಏನನ್ನಾದರೂ ಮುಖದ ಮೇಲೆ ಎಸೆಯಬೇಕು.

ವಿರೂಪಾಕ್ಷಮ್ಮ ಎಸೆಯಲಿಲ್ಲ. ಜನವರಿಗೆ ನಿವೃತ್ತಿಯಾಗುವ, ಮೊಣಕಾಲು ನೋವಿನ, ಕೆಟ್ಟವರಲ್ಲದ ಹೆಂಗಸು. ಜರೀನಾ ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು.

“ಇಪ್ಪತ್ಮೂರು ಅಂದೇನು?”

“ಹೂಂ ರೀ.”

“ಇಪ್ಪತ್ಮೂರು ಸೀಟನ್ಯಾಗ ಈಗ ಬ್ಯಾರೆ ಮಕ್ಕಳು ಅದಾವ. ಟ್ರಂಕ್ ತಗೊಂಡು ಹೋಗ್ಯಾವ, ಗಾದಿ ಹಾಸ್ಯಾವ, ಸಾಲಿ ಚಾಲೂ ಆಗಿ ಹದಿನೈದು ದಿನ ಆತು. ಅವೇನ್ ಸಾವಕಾರ ಮಕ್ಕಳಲ್ಲ, ಅವೂ ಇಂಥಾವ. ಅವನ್ನ ಎಬ್ಬಸ್ತೀಯೇನು?”

ಜರೀನಾ ಇಪ್ಪತ್ಮೂರು ಹೆಸರಿನ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು.

“ಲಿಸ್ಟ್ ಮ್ಯಾಲಿಂದ ಪಾಸಾಗಿ ಬಂದೈತಿ. ನೀ ಈಗ ಬರದು ಕೊಟ್ರ ನಾ ಕಳಸ್ತೀನಿ. ಕಳಿಸಿದ್ರ ನಿನ್ನ ಗುತ್ತಿಗಿ ಮುಂದ ಆಗಂಗಿಲ್ಲ. ನನ್ನ ಪಿಂಚಣಿಗೂ ಒಂದು ಕೊಕ್ಕಿ ಬೀಳತೈತಿ. ಅಷ್ಟೆಲ್ಲಾ ಆದ್ರೂ ಆ ಹುಡುಗಿಗೆ ಸೀಟ್ ಸಿಗಂಗಿಲ್ಲ. ನಾ ಬ್ಯಾಡ ಅನ್ನಂಗಿಲ್ಲವಾ. ನೀನ ಹೇಳು.”

ನೀನೇ ಹೇಳು ಎಂದು ಬಿಟ್ಟರಲ್ಲ, ಅದೇ ಕಷ್ಟವಾದದ್ದು. ಬೈದು ಬಾಯಿ ಮುಚ್ಚಿಸಿದ್ದರೆ ಜರೀನಾಗೆ ಒಂದು ಅನ್ಯಾಯ ಸಿಗುತ್ತಿತ್ತು, ಅದನ್ನು ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಮೇಜಿನ ಗಾಜಿನ ಕೆಳಗೆ ವಿರೂಪಾಕ್ಷಮ್ಮನವರ ಮೊಮ್ಮಗನ ಫೋಟೋ ಇತ್ತು, ಅದನ್ನು ನೋಡುತ್ತ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಆ ನಿಂತದ್ದೇ ಉತ್ತರವಾಯಿತು. ವಿರೂಪಾಕ್ಷಮ್ಮ ಎದ್ದು ಹೋಗಿ ಬಾಗಿಲು ತೆರೆದರು.

ಮಧ್ಯಾಹ್ನ ಪಾರಮ್ಮ ಬಂದಾಗ ಉತ್ತರ ಹೇಳಿದ್ದು ವಿರೂಪಾಕ್ಷಮ್ಮ. ಫಾರಂ ತುಂಬಿದವನು ನಿನ್ನ ಹೆಸರಿನ ಪತ್ರ ಹಾಕಬೇಕಿತ್ತು, ಹಾಕಿಲ್ಲ, ಅವನ ಮೇಲೆ ಕ್ರಮ ತಗೊಳ್ತೀವಿ ಅಂದರು. ಪಕ್ಕದಲ್ಲಿ ನಿಂತ ಜರೀನಾ ಕಾಗದಗಳನ್ನು ಸರಿಯಾಗಿ ಜೋಡಿಸುತ್ತಿದ್ದಳು, ಆಗಲೇ ಸರಿಯಾಗಿ ಜೋಡಿಸಿದ್ದ ಕಾಗದಗಳನ್ನು.

“ಹನಮೇಶ ಅಂಥಾವಲ್ರಿ,” ಅಂದಳು ಪಾರಮ್ಮ. “ರೇಣುಕಾನ ಅಪ್ಪನ ಮಣ್ಣಿಗೆ ಬಂದಿದ್ದ. ಫಾರಂ ತುಂಬಿದ್ದಕ್ಕ ಏನೂ ಇಸ್ಕೊಳ್ಳಿಲ್ಲ.” ಆಮೇಲೆ, ತಾನು ದೊಡ್ಡವರ ಮಾತಿಗೆ ಎದುರಾಡಿದೆನೇನೋ ಅನ್ನಿಸಿ, “ಆದ್ರೂ ಇರಬೇಕು ಬಿಡ್ರಿ, ನಮಗೇನ್ ತಿಳಿತೈತಿ,” ಎಂದು ತಾನೇ ಸೇರಿಸಿದಳು.

ಇಪ್ಪತ್ಮೂರರಲ್ಲಿ ದೂರು ಬಂದದ್ದು ಒಂದೇ. ಹಾಗಾಗಿ ಕ್ರಮವೂ ಒಬ್ಬನ ಮೇಲೆಯೇ. ಹನಮೇಶನ ಲಾಗಿನ್ ಒಂದು ವರ್ಷ ನಿಲ್ಲಿಸಬೇಕೆಂದು ನಾಲ್ಕು ಗಂಟೆಗೆ ಆದೇಶ ಬಂತು, ನಿಲ್ಲಿಸುವ ಗುಂಡಿ ಇದ್ದದ್ದು ಜರೀನಾಳ ಯಂತ್ರದಲ್ಲಿ. ಹೆಸರು ತೆರೆದಾಗ ಅವನ ಫೋಟೋ ಬಂತು, ನೋಂದಣಿಗೆಂದು ಗೋಡೆಗೆ ಒತ್ತಿ ನಿಂತು ತೆಗೆಸಿದ್ದು, ಕೂದಲಿಗೆ ನೀರು ಹಚ್ಚಿ ಬಾಚಿದ್ದು. ಕಾರಣ ಆರಿಸಿ ಎಂದಿತು. ನಕಲಿ ದಾಖಲೆ, ಹೆಚ್ಚುವರಿ ವಸೂಲಿ, ಆಪರೇಟರ್ ನಿರ್ಲಕ್ಷ್ಯ. ಫಾರಂ ಮಾಡಿದವರ ತಪ್ಪು ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದವಳು ಅವಳೇ, ಆಗ ಅಂಥದ್ದೊಂದು ಇರಬಹುದೆಂದು ಹೊಳೆದಿರಲಿಲ್ಲ. ಆಪರೇಟರ್ ನಿರ್ಲಕ್ಷ್ಯ ಎಂದು ಒತ್ತಿದಳು. ಹತ್ತು ನಿಮಿಷಕ್ಕೆ ಅವನ ಫೋನು ಬಂತು. “ಮೇಡಮ್, ನಿಮ್ಮ ಫಾರಂ ಹಸರ ತೋರ್ಸಿತ್ರಿ. ಕೆಂಪ ತೋರ್ಸಿದ್ರ ನಾ ಕೇಳ್ತಿದ್ದಿಲ್ಲೇನ್ರಿ ಪಾರಕ್ಕನ ಪತ್ರ? ಹಸರ ಇದ್ದದ್ದನ್ನ ನಾ ಯಾಕ ಮುಟ್ಟಲಿ?” ಮೇಡಮ್ ಮೀಟಿಂಗ್‌ನಲ್ಲಿದ್ದಾರೆ ಎಂದಳು, ತನ್ನದೇ ದನಿಯಲ್ಲಿ, ತನ್ನ ಬಗ್ಗೆಯೇ. ಆತ್ರಿ ಎಂದು ಅವನು ಫೋನಿಟ್ಟ.

ಆ ವಾರವೇ ಅವಳು ಫಾರಂ ಸರಿಮಾಡಿದಳು. ಸರಿಯಾಗಿ ಎರಡು ದಿನ ಹಿಡಿಯಿತು. ಈಗ ಮೇಲೆ ಹೆಸರು ಬದಲಾದರೆ ಕೆಳಗೆ ಯಾವುದು ಸುಳ್ಳಾಗುತ್ತದೋ ಅದು ಮಾತ್ರ ಕೆಂಪಾಗುತ್ತಿತ್ತು, ಖಾಲಿ ಇದ್ದದ್ದು ಖಾಲಿಯಾಗಿಯೇ ಇರುತ್ತಿತ್ತು. ತಾನು ಈವರೆಗೆ ಮಾಡಿದ್ದರಲ್ಲೇ ಅಚ್ಚುಕಟ್ಟಾದ ಕೆಲಸ. ಅದನ್ನು ನೋಡುವಾಗ ಮನಸ್ಸಿನ ಒಂದು ಮೂಲೆ, ನಾಚಿಕೆಯಿಲ್ಲದೆ, ಹಿಗ್ಗಿತು. ಹಿಗ್ಗಿದ್ದಕ್ಕೆ ಆ ದಿನ ಊಟ ಬಿಟ್ಟಳು. ರಾಯಚೂರು ಕಡೆಯ ಸಂಬಂಧಿಕರ ಮದುವೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಯಾರಾದರೂ ಹಸಿರು ಸೀರೆಯ ಹೆಂಗಸು ಪಕ್ಕದಲ್ಲಿ ಕೂತರೆ ಎದ್ದು ನಿಲ್ಲುತ್ತಿದ್ದಳು, ಅವಳಿಗೆ ಏನೋ ಆಗಿದೆ ಎಂದು ಜನ ನೋಡುವಂತೆ. ಮನೆಯಲ್ಲಿ ತಾಯಿ ಜುಬೇದಾಬೀ ಏನಾಯಿತೆಂದು ಕೇಳಿದರೆ ಕಣ್ಣು ನೋವು ಎನ್ನುತ್ತಿದ್ದಳು. ಕಣ್ಣಿಗೆ ಒಳ್ಳೆಯದೆಂದು ಜುಬೇದಾಬೀ ಗಜ್ಜರಿ ತುರಿದು ಇಡುತ್ತಿದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ, ಯಾರಿಗೂ ಹೇಳದೆ, ಕುಷ್ಟಗಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ತಾವರಗೇರಾದಲ್ಲಿ ಇಳಿದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು, ಇಳಿಯುವಾಗ ಅದು ಚೀಲ ಮರೆತ ಹಾಗೆ ಬಸ್ಸಿನಲ್ಲೇ ಉಳಿಯಿತು. ಹನಮೇಶನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಎಲ್ಲ ಅರ್ಜಿಗಳನ್ನು ತುಂಬಿಕೊಡಲಾಗುವುದು ಎಂಬ ಬೋರ್ಡಿನ ಮೇಲೆ ಬಿಳಿ ಕಾಗದ ಅಂಟಿಸಿ, ಝೆರಾಕ್ಸ್ ಮತ್ತು ಫೋಟೋ ಮಾತ್ರ ಎಂದು ಬರೆದಿದ್ದ. ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣ ವಯಸ್ಸು, ಮೂವತ್ತು ದಾಟಿರಲಿಕ್ಕಿಲ್ಲ. ಅವಳು ಯಾರೆಂದು ಹೇಳಿದಾಗ ಎದ್ದು ನಿಂತು ಸ್ಟೂಲು ಒರೆಸಿದ. ನಿಂತೇ ಹೇಳಿದಳು, ಎಲ್ಲವನ್ನೂ, ಕೆಂಪು ಬಣ್ಣದ ಫೋನುಗಳಿಂದ ಹಿಡಿದು.

“ಗೊತ್ತಿತ್ರಿ,” ಅಂದ ಕೊನೆಗೆ. “ನಂದಲ್ಲ ಅಂದ ಮ್ಯಾಲ ಮತ್ಯಾರದರ ಇರಬೇಕಲ್ಲ. ಆದ್ರ ಮಂದಿಗೆ ಹೆಂಗ ಹೇಳ್ಲಿ? ಅಪ್ಪನ್ನ ಕಳಕೊಂಡ ಹುಡುಗಿ ಸೀಟ್ ಹಾಳ ಮಾಡ್ದ ಅಂತಾರ. ಪಾರಕ್ಕ ಅನ್ನಂಗಿಲ್ಲ, ಊರು ಅಂತೈತಿ.” ಝೆರಾಕ್ಸ್ ಯಂತ್ರದ ಕಟ್ಟಿನಿಂದ ಒಂದು ಹಾಳೆ ಎಳೆದು, ಪೆನ್ನಿನ ಜೊತೆ ಅವಳ ಮುಂದೆ ಇಟ್ಟ. “ಇಷ್ಟ ದೂರ ಬಂದೀರಿ. ಈಗ ಹೇಳಿದ್ದನ್ನ ಇದರ ಮ್ಯಾಲ ಬರೀರಿ. ನಾ ಎಲ್ಲೂ ಕೊಡಂಗಿಲ್ಲ, ಅಂಗಡ್ಯಾಗ ಹಚ್ಕೋತೀನಿ. ಅಷ್ಟ.”

ಜರೀನಾ ಕೂತು ಬರೆದಳು. ಬರೆಯುವುದು ಇಷ್ಟು ಸಲೀಸೇ ಎಂದು ಅವಳಿಗೇ ಆಶ್ಚರ್ಯವಾಯಿತು, ಮೂರು ಸಾಲು ಒಂದೇ ಓಟದಲ್ಲಿ ಬಂದವು. ಹನಮೇಶ ತೆಗೆದುಕೊಂಡು ಗಟ್ಟಿಯಾಗಿ ಓದಿದ. “ಸದರಿ ತಂತ್ರಾಂಶದಲ್ಲಿ ಪೋಷಕರ ವಿವರ ಬದಲಾವಣೆಯಾದ ಸಂದರ್ಭದಲ್ಲಿ ಮರುಪರಿಶೀಲನೆಯು ನಡೆಯದೆ ಇರುವುದು ಕಂಡುಬಂದಿರುತ್ತದೆ. ಇದರಿಂದ ಕೆಲವು ಅರ್ಜಿಗಳು ತಿರಸ್ಕೃತವಾಗಿರುತ್ತವೆ.” ಓದಿ ಮುಗಿಸಿ ಹಿಂದುಗಡೆ ತಿರುಗಿಸಿ ನೋಡಿದ, ಅಲ್ಲೇನೂ ಇರಲಿಲ್ಲ.

“ಇದರಾಗ ನೀವ ಎಲ್ಲಿ ಅದೀರಿ ಮೇಡಮ್?”

ಹಾಳೆಯನ್ನು ವಾಪಸು ಕೊಟ್ಟ. ಜರೀನಾ ಪೆನ್ನು ಹಿಡಿದು ‘ನಾನು’ ಎಂದು ಬರೆದಳು. ಆ ಎರಡಕ್ಷರದ ಮುಂದೆ ಕೈ ನಿಂತಿತು. ಹೊರಗೆ ಕುಷ್ಟಗಿಯ ಬಸ್ಸಿನವನು ಕೂಗುತ್ತಿದ್ದ. ತಾಯಿ, ಬಾಡಿಗೆ ಮನೆ, ಮಾರ್ಚ್‌ಗೆ ಮುಗಿಯುವ ಗುತ್ತಿಗೆ, ಎಲ್ಲವೂ ನೆನಪಾದವು ಅಂದರೆ ಸುಳ್ಳು, ಏನೂ ನೆನಪಾಗಲಿಲ್ಲ. ಬರೀ ಅಂಗಡಿಯ ಗೋಡೆಯ ಮೇಲೆ ತನ್ನ ಹೆಸರು, ಝೆರಾಕ್ಸಿಗೆ ಬಂದವರೆಲ್ಲ ಓದುವುದು, ಅಷ್ಟೇ ಕಂಡಿತು. ನಾಳೆ ಸರಿಯಾಗಿ ಬರೆದು ಕಳಿಸ್ತೀನಿ ಎಂದಳು. ಹನಮೇಶ ನಕ್ಕ. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ, ಪರಿಚಯ ಇತ್ತು, ಕಚೇರಿಯ ಜನರನ್ನು ಬಹಳ ವರ್ಷ ನೋಡಿದವನ ಪರಿಚಯ. “ಆತ್ ಬಿಡ್ರಿ. ಪಾರಕ್ಕನ ಭೆಟ್ಟಿ ಆಗೂದಿದ್ರ ಬೀಜದ ಪ್ಲಾಟಿನ್ಯಾಗ ಇರ್ತಾಳ. ರಸ್ತಾ ಹಿಡದು ಹೋಗ್ರಿ, ಬಿಳೀ ಪರದಿ ಕಾಣ್ತೈತಿ.” ಅವಳು ಎದ್ದ ಸ್ಟೂಲನ್ನು ಒಳಗೆ ಎಳೆದುಕೊಂಡ.

ಬಿಳಿ ಬಲೆಯ ಪರದೆ ದೂರದಿಂದಲೇ ಕಂಡಿತು. ಒಳಗೆ ಬೀಜಕ್ಕೆಂದು ಬೆಳೆಸಿದ ಸಾಲು ಸಾಲು ಟೊಮೆಟೊ ಗಿಡಗಳು, ದಾರ ಕಟ್ಟಿ ಎತ್ತರಕ್ಕೆ ನಿಲ್ಲಿಸಿದ್ದವು, ಅವುಗಳ ನಡುವೆ ಹೆಂಗಸರು, ಹುಡುಗಿಯರು. ಹೊರಗಿಗಿಂತ ಒಳಗೆ ಸೆಕೆ. ಪಾರಮ್ಮ ಜರೀನಾಳನ್ನು ಕಂಡು ಗುರುತು ಹಿಡಿದು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿಬಂದಳು. ಅವಳ ಮುಖದಲ್ಲಿ ಇದ್ದಕ್ಕಿದ್ದಂತೆ ಮೂಡಿದ್ದನ್ನು ನೋಡಿ ಜರೀನಾ ಹೆದರಿದಳು. ಸೀಟು ಸಿಕ್ಕಿತೆಂದು ಹೇಳಲು ಬಂದಿದ್ದಾಳೆ ಎಂದುಕೊಂಡಿದ್ದಳು ಪಾರಮ್ಮ.

“ಸೀಟಿನ ಸುದ್ದಿ ಅಲ್ರಿ,” ಎಂದು ಜರೀನಾ ಮೊದಲು ಆ ಆಸೆಯನ್ನು ಕೊಂದಳು. ಆಮೇಲೆ ಉಳಿದದ್ದು ಹೇಳಿದಳು. ತಪ್ಪು ಹನಮೇಶನದಲ್ಲ, ನನ್ನದು ಎಂದು ಇಲ್ಲಿ ಬಾಯಿಬಿಟ್ಟು ಹೇಳಲು ಆಯಿತು. ಓದಲು ಬರದವಳ ಮುಂದೆ, ಕಾಗದವಿಲ್ಲದ ಜಾಗದಲ್ಲಿ, ಹೇಳಲು ಆಗುತ್ತದೆ ಎಂಬುದನ್ನೂ ಆಗಲೇ ಗಮನಿಸಿದಳು.

ಪಾರಮ್ಮ ಕೇಳುತ್ತ ಕೇಳುತ್ತ ಜರೀನಾಳ ತೋಳು ಹಿಡಿದುಕೊಂಡಳು. “ಅಳಬ್ಯಾಡ್ರಿ ಯವ್ವಾ. ನೀವೇನ್ ಮಾಡ್ತೀರಿ, ಕಂಪ್ಯೂಟರ್ ಮಾಡಿದ್ದಕ್ಕ? ಬಿಸಲಾಗ ಬಂದೀರಿ. ನೀರು ಕುಡೀರಿ.” ಜರೀನಾಗೆ ತಾನು ಅಳುತ್ತಿದ್ದೇನೆಂದು ತಿಳಿದಿರಲಿಲ್ಲ. ಕಂಪ್ಯೂಟರ್ ಅಲ್ಲ, ನಾನು ಎಂದು ಇನ್ನೊಮ್ಮೆ ಹೇಳಿದಳು. ಪಾರಮ್ಮ ಮಗುವಿಗೆ ತಲೆಯಾಡಿಸಿದ ಹಾಗೆ ತಲೆಯಾಡಿಸಿ ಚೊಂಬು ತಂದುಕೊಟ್ಟಳು. “ಆದದ್ದಾತು. ಬರೋ ವರ್ಷ ನೀವ ಕುಂತು ತುಂಬ್ರಿ. ಹನಮೇಶಗೂ ಕೊಡೂದು ಬ್ಯಾಡ, ನಿಮ್ಮ ಕಡೆನ ಕರಕೊಂಡು ಬರ್ತೀನಿ. ಬರೋ ವರ್ಷ ಆಗತೈತಲ್ರಿ?”

ಆ ಶಾಲೆಗೆ ಮಕ್ಕಳನ್ನು ತೆಗೆದುಕೊಳ್ಳುವುದು ಆರನೆಯ ತರಗತಿಗೆ ಮಾತ್ರ. ಬರುವ ವರ್ಷ ಈ ಹುಡುಗಿ ಅದನ್ನು ದಾಟಿರುತ್ತಾಳೆ. ಜನ್ಮದಿನಾಂಕದ ಕಾಲಂ ಅವಳನ್ನು ಮೊದಲ ಹೆಜ್ಜೆಯಲ್ಲೇ ನಿಲ್ಲಿಸುತ್ತದೆ, ಈಗ ಅದು ತಪ್ಪುವುದೇ ಇಲ್ಲ. ಪಾರಮ್ಮನ ಬೆರಳುಗಳು ಇನ್ನೂ ತೋಳಿನ ಮೇಲಿದ್ದವು, ಟೊಮೆಟೊ ಎಲೆಯ ಘಾಟು ವಾಸನೆ.

“ಆಗತೈತ್ರಿ,” ಅಂದಳು ಜರೀನಾ.

ಪಾರಮ್ಮ ಎರಡೂ ಕೈಗಳಿಂದ ಅವಳ ಮುಖ ನೀವಿ, ಬೆರಳನ್ನು ತನ್ನ ಹಣೆಗೆ ಒತ್ತಿ ಲಟಿಕೆ ಮುರಿದಳು. “ರೇಣುಕಾ, ಮೇಡಮ್ಮಾರನ್ನ ರಸ್ತಾಕ ಬಿಟ್ಟು ಬಾ,” ಎಂದು ಕೂಗಿದಳು.

ಸಾಲಿನ ನಡುವಿನಿಂದ ಹುಡುಗಿ ಬಂದಳು. ಎಡಗೈಯ ಬೆರಳಿಗೆ ಸಣ್ಣ ಬಟ್ಟಲಿದ್ದ ಉಂಗುರ, ಬಟ್ಟಲಲ್ಲಿ ಹಳದಿ ಪರಾಗ. ಕೈಯನ್ನು ಅಡ್ಡ ಹಿಡಿದು, ಗಾಳಿಗೆ ಹಾರದಂತೆ ಇನ್ನೊಂದು ಕೈ ಮುಚ್ಚಿಕೊಂಡು ನಡೆದಳು. ಏನು ಮಾತಾಡಬೇಕೋ ತಿಳಿಯದೆ ಜರೀನಾ ಇದೇನು ಎಂದು ಕೇಳಿದಳು. ಹುಡುಗಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು: ಹೂವು ಅರಳುವ ಮೊದಲೇ ಅದರೊಳಗಿನ ಗಂಡು ಭಾಗ ಚಿಮಟದಿಂದ ಕೀಳಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪುಡಿ ಮುಟ್ಟಿಸಬೇಕು, ಮುಟ್ಟಿಸಿದ್ದಕ್ಕೆ ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಚಿವುಟಬೇಕು. ದೊಡ್ಡವರ ಬೆರಳಿಗೆ ಹೂವು ಮುರಿಯುತ್ತದೆ. ತನ್ನದು ಮುರಿಯುವುದಿಲ್ಲ. ಸಾಲಿಗೆ ಹೋಗಂಗಿಲ್ಲೇನು? ಎಂದು ಕೇಳಿದಳು ಜರೀನಾ. “ಈ ಸೀಸನ್ ಮುಗದ ಮ್ಯಾಲ ಹೋಗ್ತೀನ್ರಿ,” ಅಂದಳು ಹುಡುಗಿ, ಯಾರೋ ಹೇಳಿಕೊಟ್ಟದ್ದನ್ನು.

ರಸ್ತೆಗೆ ಬಂದ ಮೇಲೆ ಅವಳು ತಿರುಗಿ ಪರದೆಯ ಕಡೆ ನೋಡಿದಳು. ತಾಯಿ ಕೇಳುವಷ್ಟು ಹತ್ತಿರ ಇರಲಿಲ್ಲ.

“ಮೇಡಮ್ರಿ, ಅದು ಆರನೆತ್ತಕ್ಕ ಅಷ್ಟ ತಗೊಳ್ಳೂದಲ್ರಿ? ನಾ ಓದೀನಿ, ನಿಮ್ಮ ಆಫೀಸಿನ ಗ್ವಾಡಿ ಮ್ಯಾಲ ಇತ್ತು.”

ಜರೀನಾ ಹೌದು ಎಂದಳು.

“ಬರೋ ವರ್ಷ ನಂಗ ಬರಂಗಿಲ್ಲ.”

“ಇಲ್ಲ.”

ಹುಡುಗಿ ತಲೆಯಾಡಿಸಿದಳು, ಲೆಕ್ಕ ಸರಿಯಾಗಿದೆಯೋ ಇಲ್ಲವೋ ಎಂದು ಕೇಳಿ ತಿಳಿದುಕೊಂಡವಳ ಹಾಗೆ. ಕೈಯಲ್ಲಿದ್ದ ಪರಾಗವನ್ನು ಒಮ್ಮೆ ಇಣುಕಿ ನೋಡಿಕೊಂಡಳು.

“ಅವ್ವಗ ಹೇಳಬ್ಯಾಡ್ರಿ,” ಅಂದಳು. “ಅಪ್ಪ ಹೋದ ಮ್ಯಾಲ ಈಗೀಗ ಸ್ವಲ್ಪ ಊಟ ಮಾಡಾಕತ್ಯಾಳ. ಬರೋ ವರ್ಷ ಬಂದಾಗ ನಾನ ಹೇಳ್ತೀನಿ.”

ಪರದೆಯ ಒಳಗಿನಿಂದ ಮೇಸ್ತ್ರಿ ಸೀಟಿ ಊದಿದ. ಬಿಸಿಲು ಇನ್ನೂ ಏರುವುದರೊಳಗೆ ಉಳಿದ ಹೂವುಗಳನ್ನು ಮುಗಿಸಬೇಕಿತ್ತು. ಹುಡುಗಿ ತಿರುಗಿ, ಓಡಬೇಕೆಂದಿದ್ದರೂ ಓಡದೆ, ಪುಡಿ ಚೆಲ್ಲದಂತೆ ಮೈಯನ್ನೆಲ್ಲ ಕೈಯ ಸುತ್ತ ಬಾಗಿಸಿಕೊಂಡು, ಸಣ್ಣ ಸಣ್ಣ ಹೆಜ್ಜೆಯಿಟ್ಟು ವಾಪಸು ಹೋದಳು.